ತೂಕ ಯಾರ ಖಾತೆಗೆ?



ಈ ಪುಟದಲ್ಲಿ ಶ್ರೀಮಠದ ಜಮಾಖರ್ಚು, ಜಾತ್ರೆಯ ವರದಿ, ದಾಸೋಹಕ್ಕೆ ಧಾನ್ಯ ಕೊಟ್ಟವರ ವಿವರ ಬರೆಯುವುದು ನಮ್ಮ ರೂಢಿ. ಈ ಸಲ ಬೇರೊಂದು ಲೆಕ್ಕವನ್ನು ತಮ್ಮ ಮುಂದೆ ಇಡಬೇಕಾಗಿದೆ. ಇದು ಬಸುರಿ ಹೆಣ್ಣುಮಕ್ಕಳ ವಿಷಯ, ನಮಗೇಕೆ ಎಂದು ಗಂಡಸರು ಪುಟ ಮಗುಚಬಾರದೆಂದು ವಿನಂತಿ. ಗಂಡಸರು ಓದಲೆಂದೇ ಬರೆದಿದ್ದೇವೆ.

2022ನೆಯ ಶ್ರಾವಣದ ಒಂದು ಸೋಮವಾರ ಸಂಜೆ ಶ್ರೀಮಠದಲ್ಲಿ ದಾಸೋಹ ನಡೆದಿತ್ತು. ಬಡಿಸುವವರ ಮೇಲುಸ್ತುವಾರಿ ನಮ್ಮದು. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಭಕ್ತರ ಮನೆಯ ಸೊಸೆ ಪಂಕ್ತಿಯಲ್ಲಿ ಕುಳಿತಿದ್ದಳು. ಐದು ತಿಂಗಳ ಬಸುರಿ, ಮದುವೆಯಾಗಿ ಬಂದಾಗಿನಿಂದಲೂ ಸ್ಥೂಲ ಶರೀರದವಳು. ಎರಡನೆಯ ಸಲ ಹುಗ್ಗಿ ಬಂದಾಗ ಆಕೆ ಎಲೆಯನ್ನು ಮುಂದೆ ಸರಿಸಿದಳು. ಪಕ್ಕದಲ್ಲಿ ನಿಂತಿದ್ದ ನಾವು ಸುಮ್ಮನಿರದೆ, "ಯವ್ವಾ, ಒಳಗ ಒಂದ ಕೂಸು ಅದನೋ, ಎರಡು ಅದಾವೋ?" ಎಂದೆವು. ಇಡೀ ಪಂಕ್ತಿ ನಕ್ಕಿತು. ಆಕೆಯೂ ನಕ್ಕಳು. ಹುಗ್ಗಿ ಮಾತ್ರ ಎಲೆಯಲ್ಲಿ ಹಾಗೆಯೇ ಉಳಿಯಿತು. ಅದು ನಮ್ಮ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ಮುಂದಿನ ಪಂಕ್ತಿಗೆ ಹೋದೆವು.

ದೀಪಾವಳಿ ಮುಗಿದು ಮೂರು ವಾರವಾಗಿತ್ತು, ಆಕೆಗೆ ಎಂಟನೆಯ ತಿಂಗಳು. ಎರಡು ದಿನದಿಂದ ತಲೆನೋವು, ಮುಖ ಬಾತಿತ್ತು, ಕಣ್ಣು ಮಂಜಾಗುತ್ತದೆ ಎಂದಳಂತೆ. "ತೂಕದ ಹೆಣ್ಣು, ಬಾವು ಇರೋದ" ಎಂದು ಮನೆಯವರು ಸುಮ್ಮನಾದರು. ಮೂರನೆಯ ದಿನ ನಸುಕಿನಲ್ಲಿ ಫಿಟ್ಸ್ ಬಂತು. ಜೀಪಿನಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ಒಯ್ದರು. ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಒಂದು ಕಿಲೋ ಆರುನೂರು ಗ್ರಾಂ ತೂಕದ ಹೆಣ್ಣುಕೂಸು, ಇಪ್ಪತ್ತೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಸಿದ್ಧರಾಮೇಶ್ವರನ ಕೃಪೆ ಎನ್ನಿ, ಡಾಕ್ಟರರ ಕೈಗುಣ ಎನ್ನಿ, ತಾಯಿ ಮಗಳು ಇಬ್ಬರೂ ಉಳಿದರು.

2023ರ ಸಂಕ್ರಾಂತಿಯ ಗಡ್ಡೆ ಜಾತ್ರೆಯ ಹೊತ್ತಿಗೆ ಆಕೆಯ ಗಂಡ ಶ್ರೀಮಠಕ್ಕೆ ಬಂದ. ಕಾಳಿನ ವ್ಯಾಪಾರಿ. ದವಾಖಾನೆಯ ಖರ್ಚಿನ ಮಾತಿನ ನಡುವೆ ಹೇಳಿದ: ನಾಲ್ಕನೆಯ ತಿಂಗಳ ತಪಾಸಣೆಯಲ್ಲಿ ಯಾರೋ ಆಕೆಯ ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗಿ ಏನೋ ಅಂದರಂತೆ, ಅಂದಿನಿಂದ ಆಕೆ ಹೋಗಲೇ ಇಲ್ಲ. ಪ್ರತಿ ಸಲ ಒಂದೊಂದು ನೆಪ. "ಎಲ್ಲಿ ಹೋದರೂ ನಗತಾರ ಅಂತಾಳ್ರಿ, ಮಠದಾಗ ಸುದ್ದಾ." ನಕ್ಕವರು ಯಾರು, ನಗಿಸಿದವರು ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಅಂದು ನಾವು ಹೇಳಲೂ ಇಲ್ಲ.

ನಾವು ಓದಿದ್ದು ಬಿ.ಕಾಂ. ವೈದ್ಯಕೀಯ ನಮ್ಮ ವಿಷಯವಲ್ಲ. ಆದರೆ ಒಂದು ರಕಮು ತಪ್ಪು ಖಾತೆಗೆ ಬಿದ್ದರೆ ಇಡೀ ಅಡಾವೆ ತಪ್ಪುತ್ತದೆ ಎಂಬಷ್ಟು ತಿಳಿವಳಿಕೆ ಇದೆ. ಬಸುರಿಯ ತೂಕವನ್ನು ನಾವೆಲ್ಲ ಯಾವ ಖಾತೆಗೆ ಬರೆಯುತ್ತಿದ್ದೇವೆ? ಆಕೆಯ ಬಾಯಿಚಪಲ, ಆಕೆಯ ಸೋಮಾರಿತನ ಎಂದು ಆಕೆಯ ಹೆಸರಿಗೇ ನಾವೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಈ ನಮೂದು ಸರಿಯೇ?

ಮೊದಲು ತೂಕದ ಮಾತನ್ನೇ ನೋಡೋಣ. ಕಿಲೋದ ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಹತ್ತುತ್ತದೆಂದು 2009ರಲ್ಲಿ ಭಾರತದ ತಜ್ಞರು ಈ ಗೆರೆಗಳನ್ನು 23 ಮತ್ತು 25ಕ್ಕೆ ಇಳಿಸಿದರು. ಐದು ಅಡಿ ಎತ್ತರದ ಹೆಣ್ಣುಮಗಳು 58 ಕಿಲೋ ದಾಟಿದರೆ ಈ ಲೆಕ್ಕದಲ್ಲಿ ಬೊಜ್ಜಿನವಳೇ. 58 ಕಿಲೋ ಎಂದರೆ ನಮ್ಮ ಮನೆಗಳಲ್ಲಿ ಯಾರಿಗೂ ದಪ್ಪ ಎನಿಸುವ ತೂಕವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಹೆಂಗಸರಲ್ಲಿ 24 ಮಂದಿ 25ರ ಗೆರೆ ದಾಟಿದ್ದರು, ಕರ್ನಾಟಕದಲ್ಲಿ ಸುಮಾರು 30 ಮಂದಿ. ಇಷ್ಟು ಜನರೆಲ್ಲ ಒಟ್ಟಿಗೇ ಒಂದೇ ಕಾಲದಲ್ಲಿ ಸೋಮಾರಿಗಳಾದರೇ?

ಇದೇ ಶರೀರವನ್ನು ಕನ್ಯೆ ನೋಡಲು ಹೋದಾಗ ನಾವು ಏನೆಂದಿದ್ದೆವು? "ಮೈಕೈ ತುಂಬಿಕೊಂಡಾಳ, ಉಂಡುಟ್ಟ ಮನೆತನ" ಎಂದು ಮೆಚ್ಚಿ ಬಂದಿದ್ದೆವು. ಬಸುರಾದ ಕೂಡಲೇ ಇಬ್ಬರ ಪಾಲು ಉಣ್ಣಬೇಕೆಂದು ಅತ್ತೆ ತುಪ್ಪ ಹಾಕಿದಳು. ಕುಬಸದ ದಿನ ಬಂದವರೆಲ್ಲ ಒಂದೊಂದು ತುತ್ತು ಸಿಹಿ ತಿನ್ನಿಸಿದರು. ಮೊದಲು ಬಸುರಿ ಹೊಲಕ್ಕೂ ಹೋಗುತ್ತಿದ್ದಳು, ಬೀಸುತ್ತಿದ್ದಳು, ನೀರು ಹೊರುತ್ತಿದ್ದಳು. ಈಗ ಗಿರಣಿ, ನಳ, ಮಿಕ್ಸರ್ ಬಂದಿವೆ. ಬಂದದ್ದು ಒಳ್ಳೆಯದೇ, ಆ ಕಷ್ಟ ಮತ್ತೆ ಬರಲೆಂದು ನಾವು ಹೇಳುತ್ತಿಲ್ಲ. ಆದರೆ ದುಡಿಮೆ ಹೋದ ಜಾಗಕ್ಕೆ ನಡಿಗೆ ಬರಲಿಲ್ಲ. ಊರಾಗ ಅಡ್ಡಾಡಿದರೆ ದೃಷ್ಟಿಯಾಗುತ್ತದೆಂದು ನಾವೇ ಬಾಗಿಲು ಹಾಕಿದೆವು. ತಾಟಿನ ಮಾತೂ ಅಷ್ಟೆ. ಮಾಲದಂಡಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು ನಮ್ಮ ನೆಲದ ಊಟ. ಅದನ್ನು ಬದಿಗೆ ಸರಿಸಿ ಪಾಲಿಶ್ ಮಾಡಿದ ಅಕ್ಕಿ, ಖಾರಿ ಬಿಸ್ಕೀಟು, ಫರಾಳದ ಸಾಬೂದಾಣಿ, ದಿನಕ್ಕೆ ನಾಲ್ಕು ಸಲ ಸಕ್ಕರೆಯ ಚಹಾ ಮನೆಗೆ ತಂದವರು ಯಾರು? ಸಂತೆ ಮಾಡುವವರು ಗಂಡಸರೇ.

ಇನ್ನೊಂದು ನಮೂದು ಇದೆ. ವ್ಯಾಪಾರಿ ಬಂಧುಗಳಿಗೆ ಇದು ಬೇಗ ತಿಳಿದೀತು. ದೀಪಾವಳಿಗೆ ಹೊಸ ಕಿರ್ದಿ ಪೂಜೆ ಮಾಡಿದಾಗ ಮೊದಲ ಸಾಲಿನಲ್ಲಿ ಏನು ಬರೆಯುತ್ತೇವೆ? ಹಿಂದಿನ ವರ್ಷದ ಶಿಲ್ಕು. ದೇಹಕ್ಕೂ ಅಂಥದೊಂದು ಹಿಂದಿನ ಬಾಕಿ ಇರುತ್ತದೆಂದು ಈಗ ಗೊತ್ತಾಗಿದೆ. 1993ರಲ್ಲಿ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಪುಣೆಯ ಹತ್ತಿರದ ಆರು ಹಳ್ಳಿಗಳಲ್ಲಿ ಒಂದು ಅಧ್ಯಯನ ಆರಂಭಿಸಿದರು. ಹೊಲದಲ್ಲಿ ದುಡಿಯುವ, ಎಲುಬು ಕಾಣುವ ತಾಯಂದಿರು. ಅವರ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಸುಮಾರು 800 ಗ್ರಾಂ ಹಗುರ. ಆದರೆ ಕಡಿಮೆಯಾಗಿದ್ದು ಸ್ನಾಯು, ಒಳ ಅಂಗಾಂಗ. ಚರ್ಮದ ಕೆಳಗಿನ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ತೆಳು, ಒಳಗೆ ಕೊಬ್ಬು. ಹೊಟ್ಟೆಗಿಲ್ಲದ ತಾಯಿಯ ಗರ್ಭದಲ್ಲಿ ಕೂಸು ಬರಗಾಲಕ್ಕೆ ಸಜ್ಜಾಗಿ ಹುಟ್ಟುತ್ತದೆ, ಮುಂದೆ ಸುಗ್ಗಿ ಬಂದರೆ ಆ ಶರೀರ ಸಿಕ್ಕಿದ್ದನ್ನೆಲ್ಲ ಕೂಡಿಡುತ್ತದೆ ಎಂಬುದು ತಜ್ಞರ ವಿವರಣೆ.

ಈಗ 1972ರ ಬರವನ್ನು ನೆನೆಯಿರಿ. ಆಗ ಸೊಲ್ಲಾಪುರ ಜಿಲ್ಲೆ ಅನುಭವಿಸಿದ್ದನ್ನು ಹಿರಿಯರು ಮರೆತಿಲ್ಲ. ಕಾಮಗಾರಿಯಲ್ಲಿ ಕಲ್ಲು ಒಡೆದದ್ದು, ಸುಕಡಿ ತಿಂದದ್ದು, ಅಮೇರಿಕೆಯಿಂದ ಬಂದ ಮಿಲೋ ಜೋಳದ ಕೆಂಪು ರೊಟ್ಟಿ. ಆ ಕಲ್ಲು ಹೊತ್ತವರಲ್ಲಿ ಬಸುರಿಯರೂ ಇದ್ದರು. ಹೆಣ್ಣುಕೂಸು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದು ಮುಂದೆ ಹಡೆಯಬೇಕಾದ ಮಕ್ಕಳ ಅಂಡಗಳು ಅದರೊಳಗೆ ಮೂಡಿರುತ್ತವೆ. ಅಂದರೆ ಅಜ್ಜಿ ಕಲ್ಲು ಹೊತ್ತಾಗ ಅವಳ ಹೊಟ್ಟೆಯಲ್ಲಿ ಮಗಳಿದ್ದಳು, ಆ ಮಗಳೊಳಗೆ ಇಂದಿನ ಬಸುರಿಯ ಬೀಜವೂ ಇತ್ತು. ಎಲ್ಲ ತೂಕಕ್ಕೂ ಅದೊಂದೇ ಕಾರಣವೆಂದಲ್ಲ. ಆದರೆ ಹಿಂದಿನ ಬಾಕಿ ನೋಡದೆ ಇಂದಿನ ಲೆಕ್ಕ ಮಾತ್ರ ಹಿಡಿದು ಒಬ್ಬರನ್ನು ದಿವಾಳಿ ಎನ್ನುವುದು ಯಾವ ಪೇಟೆಯ ನ್ಯಾಯ?

ಹಾಗಾದರೆ ಆಕೆಯ ಪಾಲು ಏನೂ ಇಲ್ಲವೆ, ಯಾರೂ ಏನೂ ಅನ್ನಬಾರದೆ ಎಂದು ಕೆಲವರು ಕೇಳಬಹುದು. ನಮ್ಮ ಹಿರಿಯ ಭಕ್ತರೊಬ್ಬರು ಹಾಗೆಯೇ ಕೇಳಿದರು: "ಬೈಯದಿದ್ದರ ಯಾರು ತಿದ್ದಿಕೊಳ್ತಾರ?" ಅವರು ಐವತ್ತು ವರ್ಷ ಉದ್ರಿ ವ್ಯಾಪಾರ ಮಾಡಿದವರು. ಬಾಕಿದಾರನನ್ನು ಬಜಾರದಲ್ಲಿ ನಿಲ್ಲಿಸಿ ಕೂಗಿದಾಗ ಎಷ್ಟು ವಸೂಲಾಯಿತೆಂದು ನಾವು ಕೇಳಿದೆವು. ಆತ ಆ ಓಣಿಗೇ ಬರುವುದು ಬಿಟ್ಟ ಎಂದರು. ಬಸುರಿಯೂ ಅದನ್ನೇ ಮಾಡುತ್ತಾಳೆ. ಅವಳು ಬಿಡುವ ಓಣಿ ಮಾತ್ರ ದವಾಖಾನೆಯದು.

ಅದಕ್ಕೆದುರಾದ ತಪ್ಪೂ ಇದೆ, ನೋಯಿಸಬಾರದೆಂದು ಸುಮ್ಮನಿರುವುದು. ಅದು ದಯೆಯಂತೆ ಕಾಣುತ್ತದೆ, ದಯೆಯಲ್ಲ. ಸ್ಥೂಲ ಶರೀರದ ತಾಯಂದಿರಲ್ಲಿ ಹೆಚ್ಚಿನವರು ಸುಖವಾಗಿಯೇ ಹಡೆಯುತ್ತಾರೆ. ಆದರೂ ಬಸುರಿನ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಂಜು, ಸಿಜೇರಿಯನ್, ಹೆರಿಗೆಯ ನಂತರ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವುದು, ಕೂಸು ಹೊಟ್ಟೆಯಲ್ಲೇ ತೀರಿಕೊಳ್ಳುವುದು ಇವುಗಳ ಅಪಾಯ ಅವರಲ್ಲಿ ಹೆಚ್ಚು. ಇದು ನಿಜ, ನಿಜವನ್ನು ಹೇಳಲೇಬೇಕು. ಒಂದೇ ಮಾತನ್ನು ಪಂಕ್ತಿಯಲ್ಲಿ ನಗೆಗಾಗಿ ಹೇಳಬಹುದು, ಬಳಿಯಲ್ಲಿ ಕುಳಿತು ಆಕೆಯ ಜೀವಕ್ಕಾಗಿಯೂ ಹೇಳಬಹುದು. ಮೊದಲನೆಯದನ್ನು ಮಾಡಿದವರು ನಾವು, ಎರಡನೆಯದನ್ನು ಇಲ್ಲಿ ಮಾಡಲು ಯತ್ನಿಸುತ್ತೇವೆ.

ಬಸುರಿನಲ್ಲಿ ತೂಕ ಇಳಿಸಲು ಉಪವಾಸ ಮಾಡಬಾರದು. ಸಾಧಾರಣ ತೂಕದವರು ಒಂಬತ್ತು ತಿಂಗಳಲ್ಲಿ 11.5ರಿಂದ 16 ಕಿಲೋ ಏರಿದರೆ ಸರಿ, 30ರ ಗೆರೆ ದಾಟಿದವರಿಗೆ 5ರಿಂದ 9 ಕಿಲೋ ಸಾಕು ಎಂದು 2009ರಲ್ಲಿ ಅಮೇರಿಕೆಯ ತಜ್ಞರು ಗೊತ್ತುಮಾಡಿದ್ದಾರೆ. ಇಬ್ಬರ ಪಾಲು ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ. ಸಕ್ಕರೆಯ ಪರೀಕ್ಷೆ ಸುಲಭ: 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ತಾಸಿಗೆ ರಕ್ತ ನೋಡುತ್ತಾರೆ, ಉಂಡು ಬಂದಿದ್ದರೂ ನಡೆಯುತ್ತದೆ. 140 ಮುಟ್ಟಿದರೆ ಬಸುರಿನ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲೊಮ್ಮೆ, ಆರನೆಯ ತಿಂಗಳ ಸುಮಾರಿಗೆ ಮತ್ತೊಮ್ಮೆ ಮಾಡಿಸಬೇಕು. ಇದನ್ನು ಬಿಟ್ಟರೆ ಏನಾಗುತ್ತದೆಂದು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಅಧ್ಯಯನ ತೋರಿಸಿದೆ. 1997–98ರಲ್ಲಿ ಅಲ್ಲಿ ಪರೀಕ್ಷಿಸಿದ ಬಸುರಿಯರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಈ ಕಾಯಿಲೆಯಿತ್ತು. ಅವರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಕೊಬ್ಬು ಹೆಚ್ಚಾಗಿ ಕಂಡಿತು. ಬಾಕಿ ಮತ್ತೊಂದು ತಲೆಮಾರಿನ ಕಿರ್ದಿಗೆ ಹೋಯಿತು ಎಂದಾಯಿತು.

ದಪ್ಪ ತೋಳಿಗೆ ರಕ್ತದೊತ್ತಡದ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ತಪ್ಪಾಗಿ ಹೆಚ್ಚು ತೋರಿಸುತ್ತದೆ. ದೊಡ್ಡ ಪಟ್ಟಿ ಕೇಳುವುದರಲ್ಲಿ ನಾಚಿಕೆ ಬೇಡ, ಕೇಳಬೇಕಾದವನು ಜೊತೆಗೆ ಹೋದ ಗಂಡ. ಬಿಡದ ತಲೆನೋವು, ಕಣ್ಣು ಮಂಜು, ಮುಖ ಬಾವು, ಎದೆಗೂಡಿನ ಕೆಳಗೆ ನೋವು, ಕೂಸಿನ ಅಲುಗಾಟ ಕಡಿಮೆ: ಇವುಗಳಲ್ಲಿ ಒಂದು ಕಂಡರೂ ಮರುದಿನದವರೆಗೆ ಕಾಯಬಾರದು. 2016ರಿಂದ ಪ್ರತಿ ತಿಂಗಳು 9ನೆಯ ತಾರೀಖಿಗೆ ಸರಕಾರಿ ದವಾಖಾನೆಗಳಲ್ಲಿ ಬಸುರಿಯರ ತಪಾಸಣೆ ಪುಕ್ಕಟೆಯಾಗಿ ನಡೆಯುತ್ತಿದೆ. ಇನ್ನು ಬಾಣಂತಿಯನ್ನು ನಲವತ್ತು ದಿನ ಹೊರಸು ಇಳಿಯಗೊಡದೆ ತುಪ್ಪ-ಅಂಟಿನುಂಡಿ ತಿನ್ನಿಸುವ ಪದ್ಧತಿ ತೂಕದವರಿಗೆ ಹಾನಿಯೇ. ಡಾಕ್ಟರು ಏಳು ಎಂದ ದಿನವೇ ಎದ್ದು ಅಡ್ಡಾಡಬೇಕು. ಹೆರಿಗೆಯ ಸೂತಕವನ್ನು ಎಂಟುನೂರು ವರ್ಷಗಳ ಹಿಂದೆಯೇ ಬಿಟ್ಟ ಸಮಾಜ ನಮ್ಮದು. ಹೊರಸನ್ನು ಬಿಡುವುದೇನು ದೊಡ್ಡ ಮಾತು?

ಮನೆಯವರೆಲ್ಲ ಪೇಢೆ ತಿನ್ನುತ್ತಾ ಬಸುರಿಯೊಬ್ಬಳಿಗೆ ಬೇಡ ಎಂದರೆ ಅದು ಪಥ್ಯವಲ್ಲ, ಶಿಕ್ಷೆ. ತಾಟು ಬದಲಾಗುವುದಾದರೆ ಎಲ್ಲರದೂ ಬದಲಾಗಬೇಕು. ಸಂಜೆ ಅರ್ಧ ತಾಸಿನ ನಡಿಗೆಗೆ ಅತ್ತೆಯೋ ಗಂಡನೋ ಜೊತೆಗೆ ಹೊರಡಬೇಕು. ಗರ್ಭದಲ್ಲಿರುವ ಕೂಸಿಗೇ ಲಿಂಗಧಾರಣೆ ಮಾಡುವ ನಾವು, ಆ ಕೂಸನ್ನು ಹೊತ್ತ ಒಡಲನ್ನು ನೋಡಿ ನಗುವುದು ಹೇಗೆ ಹೊಂದಿಕೆಯಾಗುತ್ತದೆಂದು ಆ ದಿನದಿಂದ ನಮ್ಮನ್ನೇ ಕೇಳಿಕೊಳ್ಳುತ್ತಿದ್ದೇವೆ.

ಇದನ್ನು ಅಚ್ಚಿಗೆ ಕೊಡುವ ಮುಂಚೆ ಆ ಮನೆಗೆ ಹೋಗಿದ್ದೆವು. ಅಂದು ಮಾತಾಡಿದವರು ನಾವೇ ಎಂದು ಗಂಡಹೆಂಡಿರ ಎದುರಿಗೆ ಹೇಳಿದೆವು. ಗಂಡ ಬಹಳ ಹೊತ್ತು ಮಾತಾಡಲಿಲ್ಲ. ಆಕೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಊರಿನ ಹೆಸರು ಹಾಕದೆ ಬರೆಯಬಹುದೇ ಎಂದು ಕೇಳಿದಾಗ, "ಬರೀರಿ" ಎಂದಳು. ಸ್ವಲ್ಪ ತಡೆದು ಹೇಳಿದಳು: "ಅವತ್ತು ಸೋಮವಾರದ ಒಪ್ಪತ್ತು ಇತ್ತುರಿ. ಮುಂಜಾನಿಯಿಂದ ಏನೂ ತಿಂದಿರಲಿಲ್ಲ. ಖರೇನ ಹಸಿವಾಗಿತ್ತು. ಹುಗ್ಗಿ ಚಲೋ ಆಗಿತ್ತು, ಅದನ್ನೂ ಬರೀರಿ."