ಸಾಕು ಎನ್ನುವ ಹೊತ್ತು

ಜೂಜನ್ನು ಯಾವಾಗ ನಿಲ್ಲಿಸಬೇಕು? ಸೋತವನು ನಿಲ್ಲಿಸುವುದಿಲ್ಲ, ಹೋದದ್ದು ವಾಪಸ್ ಬರಬೇಕು. ಗೆದ್ದವನೂ ನಿಲ್ಲಿಸುವುದಿಲ್ಲ, ಇನ್ನೂ ಬರಬಹುದಲ್ಲ!

1992ರಲ್ಲಿ ನಾನು ಮುಂಬಯಿಯ ಒಂದು ಬ್ಯಾಂಕಿನಲ್ಲಿ ಸಾಲ ವಿಭಾಗದ ಅಧಿಕಾರಿ. ಮನೆ ಡೊಂಬಿವಿಲಿಯಲ್ಲಿ. ಆಗ ಲೋಕಲ್ ಟ್ರೇನಿನಲ್ಲಿ ಎಲ್ಲರ ಬಾಯಲ್ಲೂ ಶೇರಿನ ಮಾತೇ. ಊರಲ್ಲಿರುವ ತಂಗಿಯ ಮದುವೆಗೆಂದು ಕೂಡಿಟ್ಟಿದ್ದ 20,000 ರೂಪಾಯಿಯನ್ನು ನಾನೂ ಹಾಕಿದೆ. ಮಾರ್ಚ್ ಹೊತ್ತಿಗೆ ಅದು 50,000 ಆಯಿತು. "ಮದುವೆಗೆ ಆಗುವಷ್ಟು ಬಂತಲ್ಲ, ಸಾಕು, ಮಾರಿಬಿಡಿ" ಎಂದಳು ಹೆಂಡತಿ. "ನಿಂಗೆ ಗೊತ್ತಾಗೋದಿಲ್ಲ, ಸುಮ್ನಿರು" ಎಂದೆ. ಎಂ.ಕಾಂ. ಓದಿದವನು ನಾನು ತಾನೇ!

ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ 4,400 ದಾಟಿತು. ಅದೇ ತಿಂಗಳು ಹರ್ಷದ್ ಮೆಹ್ತಾ ಹಗರಣವೂ ಬಯಲಾಯಿತು. ಬೆಲೆ ಇಳಿಯತೊಡಗಿದಾಗ ನಷ್ಟ ಸರಿದೂಗಿಸಲೆಂದು ಪಿ.ಎಫ್. ಸಾಲ ತೆಗೆದು ಮತ್ತಷ್ಟು ಕೊಂಡೆ. ಅದೂ ಹೋಯಿತು. ತಮಾಷೆ ನೋಡಿ, ಹಳೆಯ ಸಾಲ ತೀರಿಸಲು ಹೊಸ ಸಾಲ ಕೇಳಿ ಬಂದವರನ್ನು ಅದೇ ದಿನಗಳಲ್ಲಿ ನಾನು ಬುದ್ಧಿ ಹೇಳಿ ಕಳಿಸುತ್ತಿದ್ದೆ.

ಅಪ್ಪ ತೋಟ ಅಡವಿಟ್ಟು ತಂಗಿಯ ಮದುವೆ ಮಾಡಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಮುಂದೊಮ್ಮೆ ಮಾಟುಂಗದಲ್ಲಿ ಯಕ್ಷಗಾನ ನೋಡುವಾಗ ಧರ್ಮರಾಯನಲ್ಲಿ ನನ್ನನ್ನೇ ಕಂಡೆ. ಮೊದಲ ಆಟದಲ್ಲಿ ಸೋತದ್ದನ್ನೆಲ್ಲ ಧೃತರಾಷ್ಟ್ರ ಹಿಂದಿರುಗಿಸಿದ್ದ. ರಾಜ್ಯ ಕೈಗೆ ಬಂದಿತ್ತು, ಊರಿಗೆ ಹೊರಟೂ ಆಗಿತ್ತು. ಕರೆ ಬಂದೊಡನೆ ತಿರುಗಿ ಬಂದು ಮತ್ತೆ ಕೂತ. 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ ಆ ಎರಡನೇ ಆಟದ ಫಲ. ಧರ್ಮ ಬಲ್ಲವನಿಗೇ ಪಗಡೆಯ ಮುಂದೆ ಕೂತ ಮೇಲೆ 'ಸಾಕು' ಅನ್ನಲಾಗಲಿಲ್ಲ.

ಈಗ ಆಟ ಮೊಬೈಲಿಗೆ ಬಂದಿದೆ. 2021-22ರಿಂದ 2023-24ರವರೆಗೆ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ಮಾಡಿದ ಬಿಡಿ ಹೂಡಿಕೆದಾರರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡರೆಂದು 2024ರಲ್ಲಿ ಸೆಬಿಯೇ ಹೇಳಿದೆ. ಅವರೇನು ಲೆಕ್ಕ ಬಾರದವರೆ? ಲೆಕ್ಕ ಎಲ್ಲರಿಗೂ ಬರುತ್ತದೆ. ಆದರೆ ಆಡುವವನ ತಲೆ ಆಟದ ಪಕ್ಷಕ್ಕೆ ಸೇರಿಬಿಟ್ಟಿರುತ್ತದೆ. ಅದಕ್ಕೇ, ನಿಲ್ಲಿಸುವ ಹೊತ್ತನ್ನು ಆಟದ ನಡುವೆ ಹುಡುಕಬಾರದು. ಕೂರುವ ಮೊದಲೇ ಗೊತ್ತುಮಾಡಿ, ಆಡದೆ ಇರುವವರ ಕೈಗೆ ಕೊಟ್ಟುಬಿಡಬೇಕು.

ದೀಪಾವಳಿಗೆ ನಮ್ಮ ಸೊಸೈಟಿಯಲ್ಲಿ ಇಸ್ಪೀಟು ನಡೆಯುತ್ತದೆ. 100 ರೂಪಾಯಿ ಇಟ್ಟುಕೊಂಡು ನಾನೂ ಹೋಗುತ್ತೇನೆ. ಗೆಲ್ಲುತ್ತಿರಲಿ, ಸೋಲುತ್ತಿರಲಿ, ಹತ್ತು ಗಂಟೆಗೆ ಹೆಂಡತಿ ಬಂದು "ಏಳಿ" ಅನ್ನುತ್ತಾಳೆ. ಏಳುತ್ತೇನೆ.