ಪುಡಿಯೂ ಜೋಳಿಗೆಯೂ

ಪ್ರಪಂಚದಲ್ಲಿರುವ ಔಷಧಗಳಲ್ಲೆಲ್ಲ ಕುಡಿತ ಬಿಡಿಸುವ ಔಷಧಕ್ಕೆ ಒಂದು ವಿಶೇಷವುಂಟು. ಅದನ್ನು ಕೇಳಿ ಪಡೆಯುವವರು ಒಬ್ಬರು, ಸೇವಿಸುವವರು ಇನ್ನೊಬ್ಬರು. ಸೇವಿಸುವವನಿಗೆ ತಾನು ಸೇವಿಸುತ್ತಿದ್ದೇನೆಂಬ ಸುಳಿವು ಕೂಡ ಹತ್ತಕೂಡದು. ಜ್ವರದ ಕಷಾಯವನ್ನು ಜ್ವರ ಬಂದವನೇ ಮುಖ ಕಿವುಚಿಕೊಂಡು ಕುಡಿಯುತ್ತಾನೆ. ಮೊಣಕಾಲಿನ ಎಣ್ಣೆಯನ್ನು ಮೊಣಕಾಲು ನೋಯುವವಳೇ ತಿಕ್ಕಿಕೊಳ್ಳುತ್ತಾಳೆ. ಈ ಬೂದುಬಣ್ಣದ ಪುಡಿ ಮಾತ್ರ ಹೆಂಡತಿಯ ಸೆರಗಿನ ಗಂಟಿನಿಂದ ಬೇಳೆಯ ಸಾರಿಗೆ, ಸಾರಿನಿಂದ ಗಂಡನ ಹೊಟ್ಟೆಗೆ ಕಳ್ಳದಾರಿಯಲ್ಲಿ ಪ್ರಯಾಣ ಮಾಡುತ್ತದೆ.

ಬಾಗಲಕೋಟೆಯ ನಮ್ಮ ಓಣಿಯಲ್ಲಿ ಈ ಪುಡಿಯ ವಿಷಯ ತಿಳಿಯದ ಮನೆಯಿಲ್ಲ, ಕುಡಿಯುವ ಗಂಡಸರನ್ನು ಬಿಟ್ಟರೆ. (ಅವರಿಗೂ ತಿಳಿದಿದೆಯೆಂದು ನನ್ನ ಗುಮಾನಿ.) ಸಂಜೆಯಾಗುತ್ತಲೆ ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಾಗ ಮಾತು ತಾನಾಗಿ ಅತ್ತ ಹೊರಳುತ್ತದೆ. ಹುನಗುಂದದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬನು ಮಂಗಳವಾರ ಮತ್ತು ಅಮಾವಾಸ್ಯೆಗೆ ಕೊಡುತ್ತಾನಂತೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕದ ತಂಬುಗಳ ಹಿಂದೆ ಬಟ್ಟೆ ಹಾಸಿ ಕೂಡುವವನದು ಅದಕ್ಕಿಂತ ತೀಕ್ಷ್ಣವಂತೆ. ಇಪ್ಪತ್ತೊಂದು ದಿನ ಹಾಕಬೇಕು, ಬದನೆಕಾಯಿ ತಿನ್ನಿಸಕೂಡದು, ಹಾಕುವವಳು ಯಾರಿಗೂ ಹೇಳಕೂಡದು. ಈ ಕಡೆಯ ನಿಯಮವನ್ನು ಇಡೀ ಓಣಿಯೇ ಕೂಡಿ ಚರ್ಚಿಸುವುದನ್ನು ಕೇಳಿದರೆ ನಗು ಬರುತ್ತದೆ.

ಕುಡಿಯುವ ಸ್ಥಳದ ವಿಚಾರವನ್ನೂ ಒಂದಿಷ್ಟು ಹೇಳಬೇಕು. ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ ೧೯೪೯ರ ಪಾನನಿಷೇಧದ ಕಾಯಿದೆ ಇಲ್ಲಿಯೂ ನಡೆದಿತ್ತು. ಆಮೇಲೆ ಸಾರಾಯಿ ಅಂಗಡಿಗಳ ಕಾಲ ಬಂದಿತು. ೨೦೦೭ರ ಜುಲೈ ಒಂದರಿಂದ ಕರ್ನಾಟಕದಲ್ಲಿ ಸಾರಾಯಿಯೂ ನಿಂತಿತು. ಸಾರಾಯಿ ಪೊಟ್ಟಣ ಕಚ್ಚುತ್ತಿದ್ದವರು ಅಗ್ಗದ ವಿಸ್ಕಿಗೆ ಬಡ್ತಿ ಪಡೆದರು. ಈಗ ಬಸ್ಸುನಿಲ್ದಾಣದ ಹತ್ತಿರ ನಾನು ರೊಟ್ಟಿ ಊಟಕ್ಕೆ ಹೋಗುವ ಖಾನಾವಳಿಗೂ ಪಕ್ಕದ ಬಾರಿಗೂ ನಡುವೆ ಒಂದೇ ಗೋಡೆ. ಆ ಗೋಡೆಯೂ ಅರ್ಧಕ್ಕೆ ನಿಂತಿರುವುದರಿಂದ ಆಚೆಯ ಮಾತು ಈಚೆ ಧಾರಾಳವಾಗಿ ಬರುತ್ತದೆ. ಮಡಿವಂತರು ತಿಳಿದಂತೆ ಅದು ರಾಕ್ಷಸರ ಸಭೆಯಲ್ಲ. ಗಿರಮಿಟ್ಟು, ಮಿರ್ಚಿ, ಶೇಂಗಾ ಮುಂದಿಟ್ಟುಕೊಂಡು ಟ್ರ್ಯಾಕ್ಟರ್ ನಡೆಸುವವನೂ ಶಾಲೆಯ ಜವಾನನೂ ಕಲ್ಲಿನ ಖಣಿಯ ಮುಕಾದಮನೂ ಒಂದೇ ಮೇಜಿಗೆ ಕೂಡುತ್ತಾರೆ. ನಮ್ಮ ಊರಲ್ಲಿ ಜಾತಿ ಕೇಳದೆ ಕೂಡಿಸುವ ಸ್ಥಳಗಳು ಎಷ್ಟಿವೆಯೆಂದು ಎಣಿಸಿ ನೋಡಿದರೆ, ಅಲ್ಲಿಗೆ ಹೋಗುವವನು ಬರೀ ಮದ್ಯಕ್ಕಾಗಿ ಹೋಗುವುದಿಲ್ಲವೆಂಬುದು ತಿಳಿದೀತು.

ವಿನೋದವೆಂದರೆ ಆ ಮೇಜಿನ ಮೇಲೂ ವೈದ್ಯವೇ ನಡೆದಿರುತ್ತದೆ. ಒಂದು ರಾತ್ರಿ ಒಬ್ಬನು ಕಾಮಣಿಗೆ ಎಲೆಯ ರಸ ಹಾಕಿಸಿಕೊಂಡು ಬದುಕಿದ ಕಥೆಯನ್ನು ಗ್ಲಾಸು ಹಿಡಿದುಕೊಂಡೇ ಹೇಳುತ್ತಿದ್ದನು. “ದವಾಖಾನಿಯವ್ರಿಗೆ ಆಗಲಿಲ್ಲ ನೋಡೊ. ಮೂರು ಸರತೆ ರಸ ಕುಡಿಸಿದಾ, ಇಳದುಬಿಟ್ತು!” ಅವನು ಸುಳ್ಳು ಹೇಳುತ್ತಿರಲಿಲ್ಲ. ಕೆಟ್ಟ ನೀರಿನಿಂದ ಬರುವ ಕಾಮಣಿ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯತಕ್ಕದ್ದು. ಆ ವಾರಗಳ ನಡುವೆ ಯಾರು ಏನು ಕೊಟ್ಟರೂ ಕೀರ್ತಿ ಕೊಟ್ಟವನದೇ. ಆದರೆ ವರುಷಗಟ್ಟಲೆ ಕುಡಿದು ಯಕೃತ್ತು ಕೆಟ್ಟವನಿಗೂ ಅದೇ ಹಳದಿ ಕಣ್ಣು ಬರುತ್ತದೆ. ಬಣ್ಣ ಒಂದೇ, ರೋಗ ಬೇರೆ. ಎಲೆ ಅರೆಯುವವನು ಬಣ್ಣವನ್ನಷ್ಟೇ ನೋಡುತ್ತಾನೆ. ಅವನ ಪಥ್ಯದಲ್ಲಿ “ಮದ್ಯ ವರ್ಜ್ಯ” ಎಂಬ ಮಾತೂ ಇರುವುದರಿಂದ ಕೆಲವರಿಗೆ ಗುಣವೂ ಕಾಣುತ್ತದೆ. ಗುಣ ಮಾಡಿದ್ದು ಆ ಎರಡು ಶಬ್ದ, ಹೆಸರು ಬಂದದ್ದು ಎಲೆಗೆ. ಎರಡು ತಿಂಗಳಾದ ಮೇಲೆ ಮರಳಿ ಗ್ಲಾಸು ಹಿಡಿದವನಿಗೆ ಎಲೆ ಏನು ಮಾಡೀತು?

ಪುಡಿಯ ಲೆಕ್ಕವೂ ಇಂಥದೇ. ಹೆಂಡತಿಯು ಪುಡಿಗಾಗಿ ಬಸ್ಸು ಹತ್ತುವುದು ಯಾವಾಗ? ಗಂಡನ ಕುಡಿತ ಎಂದಿಗಿಂತ ಹೆಚ್ಚಾದಾಗ. ಪಗಾರವೆಲ್ಲ ಒಂದೇ ವಾರದಲ್ಲಿ ಕರಗಿದಾಗ. ಬಾಗಿಲಲ್ಲಿ ಬಿದ್ದವನನ್ನು ಮಗನು ಎಳೆದು ತಂದಾಗ. ಅತಿ ಕೆಟ್ಟ ದಿನದ ಮುಂದಿನ ದಿನಗಳು ಸಾಮಾನ್ಯವಾಗಿ ಅಷ್ಟು ಕೆಟ್ಟವಾಗಿರುವುದಿಲ್ಲ. ರೊಕ್ಕ ಮುಗಿದಿರುತ್ತದೆ, ಹೊಟ್ಟೆ ನೊಂದಿರುತ್ತದೆ, ಮನಸ್ಸಿಗೂ ನಾಚಿಕೆಯಾಗಿರುತ್ತದೆ, ಇಲ್ಲವೆ ಶ್ರಾವಣ ಬಂದಿರುತ್ತದೆ. ಪುಡಿ ಹಾಕದಿದ್ದರೂ ಅವನು ಹದಿನೈದು ದಿನ ಇಳಿಮುಖದಲ್ಲಿರುತ್ತಿದ್ದನು. ಆದರೆ ಹಾಕದಿದ್ದ ಸಂಸಾರವನ್ನು ಎದುರಿಗೆ ತಂದು ಹೋಲಿಸಿ ತೋರಿಸುವವರು ಯಾರು?

ಇಂಥ ಹೋಲಿಕೆಯ ಜಾಣತನವನ್ನು ಲೋಕವು ಕಲಿತದ್ದು ಬಹಳ ಹಿಂದೆಯೇನಲ್ಲ. ೧೭೮೪ರಲ್ಲಿ ಪ್ಯಾರಿಸ್ಸಿನಲ್ಲಿ ಮೆಸ್ಮರನ ಅಯಸ್ಕಾಂತ ಚಿಕಿತ್ಸೆಯ ಗದ್ದಲವೆದ್ದಾಗ ದೊರೆಯು ಒಂದು ಸಮಿತಿಯನ್ನು ನೇಮಿಸಿದನು. ಬೆಂಜಮಿನ್ ಫ್ರಾಂಕ್ಲಿನ್ನನೂ ಲಾವೋಸಿಯೆಯೂ ಅದರಲ್ಲಿದ್ದರು. ತೋಟದ ಒಂದು ಗಿಡಕ್ಕೆ ಮೆಸ್ಮರನ ಶಿಷ್ಯನಿಂದ ಶಕ್ತಿ ತುಂಬಿಸಿ, ಹನ್ನೆರಡು ವರುಷದ ಹುಡುಗನೊಬ್ಬನ ಕಣ್ಣು ಕಟ್ಟಿ, ಬೇರೆ ಗಿಡಗಳ ಹತ್ತಿರ ಕರೆದೊಯ್ದರು. ಹುಡುಗನು ನಾಲ್ಕನೆಯ ಗಿಡದ ಬುಡದಲ್ಲಿ ಮೂರ್ಛೆ ಹೋದನು. ಶಕ್ತಿಯ ಗಿಡ ದೂರದಲ್ಲಿ ಸುಮ್ಮನೆ ನಿಂತಿತ್ತು! ನಮ್ಮಲ್ಲಿಯೂ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, ೧೯೭೬ರಲ್ಲಿ, ಪವಾಡಗಳನ್ನು ಪರೀಕ್ಷಿಸಲೆಂದು ಒಂದು ಸಮಿತಿಯನ್ನು ರಚಿಸಿದ್ದು ಹಿರಿಯರಿಗೆ ನೆನಪಿರಬಹುದು.

ಪ್ಯಾರಿಸ್ಸಿನ ಹುಡುಗನನ್ನು ಬೀಳಿಸಿದ್ದು ಅವನ ನಂಬಿಕೆ. ನಂಬಿಕೆಗೆ ಅಷ್ಟು ಬಲವುಂಟೆಂದು ಒಪ್ಪೋಣ. ಬಹಳ ಜನ ವಿದ್ಯಾವಂತರು ನಾಟಿ ಔಷಧದ ಪರವಾಗಿ ಇದೇ ವಾದವನ್ನು ಹೂಡುತ್ತಾರೆ: “ಪುಡಿಯಲ್ಲಿ ಏನಿಲ್ಲದಿದ್ದರೂ ನಂಬಿಕೆಯಿಂದ ಗುಣವಾಗುತ್ತದಲ್ಲ, ಆಗಲಿ ಬಿಡಿ.” ಆದರೆ ಕುಡಿತದ ಪುಡಿಗೆ ಈ ವಾದವೂ ಒದಗದು. ನಂಬಬೇಕಾದವನಿಗೆ ಪುಡಿಯ ಗಂಧವೇ ಇಲ್ಲವಲ್ಲ! ಗೊತ್ತಿಲ್ಲದ ವಸ್ತುವನ್ನು ಅವನು ನಂಬುವುದು ಹೇಗೆ? ನಂಬುವವಳು ಹೆಂಡತಿ. ಇಪ್ಪತ್ತೊಂದು ದಿನ ಅವಳ ಮುಖದಲ್ಲಿ ಒಂದು ಗೆಲುವು ಬರುತ್ತದೆ, ಬಾಗಿಲು ತೆರೆಯುವಾಗ ಬೈಗುಳ ತಡವಾಗುತ್ತದೆ. ಔಷಧ ಹೊಕ್ಕದ್ದು ಗಂಡನ ಹೊಟ್ಟೆ. ಚಿಕಿತ್ಸೆ ನಡೆದದ್ದು ಹೆಂಡತಿಗೆ.

ಅವಳಿಗೆ ಆಸೆ ಬಂದರೆ ನಿಮಗೇನು ನಷ್ಟವೆಂದು ಕೇಳಬಹುದು. ನಷ್ಟವು ಇಪ್ಪತ್ತೆರಡನೆಯ ದಿನ ಬರುತ್ತದೆ. ನಮ್ಮ ಮನೆಯ ಹಿಂದಿನ ಸಾಲಿನಲ್ಲಿರುವ ಒಬ್ಬ ಹೆಣ್ಣುಮಗಳು (ಹೆಸರು ಬೇಡ) ಎರಡು ಸಲ ಪುಡಿ ತಂದು ಹಾಕಿದಳು. ಗಂಡ ಮತ್ತೆ ಕುಡಿದು ಬಂದಾಗ ಪುಡಿಯವನನ್ನು ಕೇಳಲು ಹೋದಳು. ಅವನು ಶಾಂತನಾಗಿ ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಿದನಂತೆ. ಬದನೆಕಾಯಿ ಹಾಕಿದ್ದೆಯಾ? ಮೈಲಿಗೆಯಲ್ಲಿ ಅಡಿಗೆ ಮಾಡಿದ್ದೆಯಾ? ಯಾರ ಮುಂದಾದರೂ ಬಾಯಿಬಿಟ್ಟೆಯಾ? ಬಿಟ್ಟಿದ್ದಳು, ಪಾಪ, ನಮ್ಮ ಮನೆಯವರ ಮುಂದೆಯೇ ಬಿಟ್ಟಿದ್ದಳು. ಅಂದಮೇಲೆ ತಪ್ಪು ಪುಡಿಯದಲ್ಲ. ಆ ಸಂಜೆ ಅವಳು ಕಟ್ಟೆಗೆ ಬಂದು ಹೇಳಿದಳು: “ನಂದ ತಪ್ಪು ನೋಡ್ರಿ ಕಾಕಾರ. ನಾನ ಕೆಡಸಿದೆ.”

ನಾಟಿ ವೈದ್ಯದ ವಿರುದ್ಧ ನಾನು ಓದಿದ ಲೇಖನಗಳಲ್ಲೆಲ್ಲ ರೊಕ್ಕ ಹೋಗುವ ಮಾತಿದೆ, ಪ್ರಾಣ ಹೋಗುವ ಮಾತಿದೆ, ಈ ಮಾತಿಲ್ಲ. ಕುಡಿಯುವವನು ಒಬ್ಬ, ಪುಡಿ ಮಾರಿದವನು ಒಬ್ಬ. ಅಪರಾಧಿಯಾದವಳು ಸಾರು ಮಾಡಿದವಳು. ನಿಯಮಗಳನ್ನು ಅಷ್ಟು ಸೂಕ್ಷ್ಮವಾಗಿ ಹೆಣೆದಿರುವುದೇ ಇದಕ್ಕಾಗಿ. ಯಾವ ಸಂಸಾರಸ್ಥೆಯೂ ಇಪ್ಪತ್ತೊಂದು ದಿನ ಅವನ್ನು ಒಂದೂ ತಪ್ಪದೆ ನಡೆಸಲಾರಳು. ತಾವೀತು, ಮಂತ್ರ, ಕವಚಗಳಿಂದ ರೋಗ ವಾಸಿಯಾಗುವುದೆಂದು ಜಾಹೀರಾತು ಕೊಡುವುದನ್ನು ತಡೆಯಲು ೧೯೫೪ರ ಕೇಂದ್ರ ಕಾಯಿದೆಯೊಂದಿದೆ. ಆದರೆ ಕಟ್ಟೆಯ ಮೇಲೆ ಮೆಂತ್ಯ ಬಿಡಿಸುತ್ತ ಹೇಳಿದ ಮಾತು ಜಾಹೀರಾತಲ್ಲವಲ್ಲ.

ಪುಡಿಯಲ್ಲಿ ನಿಜವಾಗಿಯೂ ಔಷಧವಿದ್ದರೋ? ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ. ಕುಡಿತಕ್ಕೆ ಅದರ ಉಪಯೋಗವನ್ನು ೧೯೪೮ರಲ್ಲಿ ಡೆನ್ಮಾರ್ಕಿನವರು ಲೋಕಕ್ಕೆ ತಿಳಿಸಿದರು. ಜಂತುಹುಳುವಿನ ಔಷಧವೆಂದು ಪರೀಕ್ಷಿಸಲು ತಾವೇ ನುಂಗಿ, ಆಮೇಲೆ ಮದ್ಯ ಮುಟ್ಟಿ, ಮುಖ ಕೆಂಪೇರಿ ಎದೆ ಹೊಡೆದುಕೊಂಡಾಗ ಅವರಿಗೆ ಗುಟ್ಟು ತಿಳಿಯಿತು. ಮಾತ್ರೆ ನುಂಗಿದವನು ಕುಡಿದರೆ ಮದ್ಯವು ದೇಹದಲ್ಲಿ ಅರ್ಧಕ್ಕೇ ನಿಂತು ವಿಷದಂತಾಗುತ್ತದೆ. ವಾಂತಿಯಾಗುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ, ಎದೆ ದುರ್ಬಲವಾಗಿದ್ದವನಿಗೆ ಪ್ರಾಣಕ್ಕೂ ಬಂದೀತು. ಆದುದರಿಂದಲೇ ವೈದ್ಯರು ರೋಗಿಗೆ ಎಲ್ಲವನ್ನೂ ತಿಳಿಸಿ ಅವನ ಒಪ್ಪಿಗೆಯ ಮೇಲೆ ಕೊಡುತ್ತಾರೆ. ಇದನ್ನೇ ಕುಟ್ಟಿ ಸಾರಿನಲ್ಲಿ ಕಲಸಿದರೆ, ತಿಳಿಯದವನು ಅಂದು ರಾತ್ರಿ ಎಂದಿನಂತೆ ಬಾರಿಗೆ ಹೋಗುತ್ತಾನೆ. ಪುಡಿಯಲ್ಲಿ ಏನೂ ಇಲ್ಲದಿದ್ದರೆ ಮೋಸ, ಇದ್ದರೆ ಅಪಾಯ.

ಇಷ್ಟಾದ ಮೇಲೆ ಇಳಕಲ್ಲಿಗೆ ಬರಬೇಕು. ನಾವು ಅಲ್ಲಿಗೆ ಹೋಗುವುದು ಸೀರೆಯ ನೆಪದಿಂದ. ಟೋಪಿ ತೆನೆಯ ಸೆರಗಿನ ಬೆಲೆ ಕೇಳಿ ಬೆವರಿ, ಚಹಾ ಕುಡಿದು ಮರಳುವುದು ವಾಡಿಕೆ. ಆ ಊರಿನ ವಿಜಯ ಮಹಾಂತೇಶ ಮಠದ ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಒಂದು ಜೋಳಿಗೆ ಹಿಡಿದು ಮನೆಮನೆಗೆ ಹೊರಟರು. ಹಿಟ್ಟಲ್ಲ, ಕಾಸಲ್ಲ, ನಿಮ್ಮ ಚಟವನ್ನು ಭಿಕ್ಷೆ ನೀಡಿರಿ ಎಂದು ಕೇಳಿದರು. ಕುಡಿಯುವವನು ಜನರೆದುರು, ತಾನಾಗಿ, ಬಾಯಿಬಿಟ್ಟು ಬಿಡುತ್ತೇನೆಂದು ಹೇಳಿ ಜೋಳಿಗೆಗೆ ಹಾಕಬೇಕು. ಅದು “ಮಹಾಂತ ಜೋಳಿಗೆ” ಎಂದು ನಾಡಿನಲ್ಲಿ ಹೆಸರಾಯಿತು. ಸ್ವಾಮಿಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ ಒಂದನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಗೊತ್ತುಮಾಡಿದೆ.

ಪುಡಿಯನ್ನು ಸಂಶಯಿಸಿದವನು ಜೋಳಿಗೆಯನ್ನು ಏಕೆ ಬಿಡಬೇಕು? ಕಾವಿಯ ಭಯಕ್ಕೋ? ಹಾಗೇನಿಲ್ಲ, ಅದೇ ಪ್ರಶ್ನೆಗಳನ್ನು ಇಲ್ಲಿಯೂ ಕೇಳೋಣ. ಚಟ ಹಾಕಿದವರಲ್ಲಿ ಎಷ್ಟು ಜನ ವರುಷದ ಮೇಲೂ ಉಳಿದರು, ಎಷ್ಟು ಜನ ಜಾರಿದರು? ಎಣಿಸಬೇಕಾದ ಪ್ರಶ್ನೆಯೇ ಸರಿ. ಜನರೆದುರಿನ ಮಾತಿಗೆ ಬಲವುಂಟೆಂಬುದಕ್ಕೆ ದೂರದ ಸಾಕ್ಷಿಯೊಂದಿದೆ. ೧೯೩೫ರಲ್ಲಿ ಅಮೆರಿಕೆಯ ಎಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ವ್ಯಾಪಾರಿಯೂ ಒಬ್ಬ ಡಾಕ್ಟರೂ, ಇಬ್ಬರೂ ಕುಡುಕರು, ಒಬ್ಬರೆದುರೊಬ್ಬರು ಕೂತು ತಮ್ಮ ಕಥೆ ಹೇಳಿಕೊಂಡದ್ದರಿಂದ “ಆಲ್ಕೊಹಾಲಿಕ್ಸ್ ಅನಾನಿಮಸ್” ಬಳಗ ಹುಟ್ಟಿತು. ಜನರನ್ನು ಕ್ರಮವಾಗಿ ಆ ಬಳಗಕ್ಕೆ ಕೂಡಿಸುವ ಚಿಕಿತ್ಸೆಯನ್ನು ಇತರ ಚಿಕಿತ್ಸೆಗಳೊಡನೆ ಹೋಲಿಸಿದ ಪ್ರಯೋಗಗಳನ್ನೆಲ್ಲ ೨೦೨೦ರಲ್ಲಿ ಕೊಕ್ರೇನ್ ಸಂಸ್ಥೆಯ ಪಂಡಿತರು ತೂಗಿ ನೋಡಿದರು. ಪೂರ್ತಿಯಾಗಿ ಬಿಟ್ಟಿರುವ ವಿಷಯದಲ್ಲಿ ಅದೇ ಮೇಲಾಗಿ ಕಂಡಿತು. ಅಲ್ಲಿ ಯಾವ ಬೇರೂ ಇಲ್ಲ, ಬೂದಿಯೂ ಇಲ್ಲ. ಬಾರಿನ ಮೇಜಿಗೆ ಬದಲಾಗಿ ಕೂಡಲು ಇನ್ನೊಂದು ಮೇಜು ಇದೆ.

ಜೋಳಿಗೆಗೂ ಪುಡಿಗೂ ನಾನು ಕಾಣುವ ಅಂತರ ಫಲದ್ದಲ್ಲ. ಜೋಳಿಗೆಯೆದುರು ನಿಂತವನಿಗೆ ತಾನು ಏನು ಮಾಡುತ್ತಿದ್ದೇನೆಂಬುದು ಗೊತ್ತು. ಜಾರಿದರೆ ಜಾರಿದವನು ತಾನೇ. ಮನೆಯಾಕೆಯ ಬದನೆಕಾಯಿ ನಡುವೆ ಬರುವುದಿಲ್ಲ. ಆ ಹಿಂದಿನ ಸಾಲಿನ ಗಂಡನಿಗೆ ಸಾರಿನ ಗುಟ್ಟು ಕಡೆಗೊಮ್ಮೆ ತಿಳಿದಾಗ ಅವನು ಹೊಡೆಯಲಿಲ್ಲ, ಬಡಿಯಲಿಲ್ಲ. ಮೂರು ದಿನ ಮನೆಯಲ್ಲಿ ಉಣ್ಣಲಿಲ್ಲ. “ನನಗ ಒಂದು ಮಾತು ಕೇಳಬಾರದಿತ್ತೇನ್ರಿ?” ಎಂದು ನನ್ನನ್ನು ಕೇಳಿದನು. ಹತ್ತು ವರುಷ ಅವಳು ಕೇಳಿಯೇ ಕೇಳಿದ್ದಳೆಂಬುದು ನನಗೆ ಗೊತ್ತು, ಅವನಿಗೂ ಗೊತ್ತು. ಆದರೂ ಅವನ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ.

ಜೋಳಿಗೆಯ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಸ್ವಾಮಿಗಳು ಬೇಡಿದ್ದು ಮಾತನ್ನು. ಜನರು ಅದನ್ನೇ ಮಂತ್ರಚೀಲವೆಂದು ತಿಳಿಯತೊಡಗಿದರೆ ಅದೂ ಪುಡಿಯಾದೀತು. ಎರಡನೆಯದು ಇನ್ನೂ ಗಂಭೀರವಾದದ್ದು. ವರುಷಗಟ್ಟಲೆ ಬೆಳಗಿನಿಂದ ಕುಡಿದವನು ಒಮ್ಮೆಲೆ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ಕೈಕಾಲು ನಡುಗುತ್ತವೆ. ಕೆಲವರಿಗೆ ಫಿಟ್ಸು ಬರುತ್ತದೆ. ಇಲ್ಲದ ಹುಳುಹುಪ್ಪಟೆ ಗೋಡೆಯ ಮೇಲೆ ಹರಿದಾಡುತ್ತವೆ, ಸತ್ತವರ ಧ್ವನಿ ಕೇಳುತ್ತದೆ. ಮನೆಯವರು ದೆವ್ವ ಬಡಿಯಿತೆಂದು ಬಿಡಿಸುವವನ ಹತ್ತಿರ ಒಯ್ಯುತ್ತಾರೆ. ಅದು ದೆವ್ವವಲ್ಲ, ಮದ್ಯಕ್ಕೆ ಒಗ್ಗಿದ ಮಿದುಳು ಅದಿಲ್ಲದೆ ಕಂಗೆಟ್ಟದ್ದು. ಸಕಾಲದಲ್ಲಿ ಶಾಂತಗೊಳಿಸುವ ಔಷಧವನ್ನೂ ಬಿ-೧ ಜೀವಸತ್ವವನ್ನೂ ಕೊಟ್ಟರೆ ಇಳಿಯುತ್ತದೆ. ಬೇವಿನ ಸೊಪ್ಪಿನ ಏಟಿನಲ್ಲಿ ಹೊತ್ತು ಕಳೆದರೆ ಮನುಷ್ಯನು ಸಾಯಬಹುದು. ಬಿಡುತ್ತೇನೆಂದ ಒಳ್ಳೆಯ ಮಾತೇ ಪ್ರಾಣಕ್ಕೆ ಬರುವಂಥ ಸ್ಥಿತಿಯಿದು.

ಇದನ್ನೆಲ್ಲ ನಾನು ಆ ಹೆಣ್ಣುಮಗಳಿಗೆ ಹೇಳಿದೆ. ಅವಳು ಸೆರಗಿನ ತುದಿ ತಿರುಚುತ್ತ ಕೇಳಿಕೊಂಡು, ಎಲ್ಲಿಗೆ ಹೋಗಬೇಕೆಂದಳು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯ ಹೆಸರು ಹೇಳಿದೆ. ಬಸ್ಸಿಗೆ ಮೂರು-ನಾಲ್ಕು ತಾಸಿನ ದಾರಿ, ಇಬ್ಬರ ಕೂಲಿ ಎರಡು ದಿನ ಮುರಿಯುತ್ತದೆ. ಹತ್ತಿರದ ದಾರಿಯೂ ಇದೆ: ಸರಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕಾ ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡುಂಟು.

“ಮಂಗಳವಾರಲ್ಲೇನ್ರಿ?” ಎಂದಳು. ಪುಡಿಯವನ ದಿನವೂ ಅದೇ. “ಅಂವಾ ಆದ್ರ ಇವ್ರನ್ನ ಕರಕೊಂಡ ಬಾ ಅನ್ನೂದಿಲ್ರಿ. ದವಾಖಾನಿಗೆ ಇವ್ರ ಬರಬೇಕಲ್ರಿ ಕಾಕಾರ?”

ಬರಬೇಕು, ಯವ್ವಾ, ಎಂದೆ. ಅವಳು ಒಳಗೆ ಹೋದಳು. ಗಂಡನು ಇನ್ನೂ ಮನೆಗೆ ಬಂದಿರಲಿಲ್ಲ.