ಎಣಿಸುವ ಕಣ್ಣು

ಕಳೆದ ಬೇಸಗೆಯಲ್ಲಿ ನನ್ನ ತಂಗಿಯ ಮಗ ನೆಗಮಂನ ನಮ್ಮ ಮನೆಗೆ ಬಂದಿದ್ದ. ಮಗ್ಗದ ಮನೆಯಲ್ಲಿ ಹುಟ್ಟಿ ಕಾಡು ಹೊಕ್ಕ ಹುಡುಗ ಅವನು. ಉಡುಮಲೈಪೇಟೆಯ ಆಚೆ, ಅಮರಾವತಿಯ ಒಣಕಾಡಿನಲ್ಲಿ ಜಿಂಕೆ, ಕಡವೆಗಳನ್ನು ಎಣಿಸುವ ತಂಡವೊಂದರಲ್ಲಿ ಅವನಿಗೆ ಕೆಲಸ. ಮರದ ಬೊಡ್ಡೆಗೆ ಮೊಣಕಾಲೆತ್ತರದಲ್ಲಿ ಕ್ಯಾಮರಾ ಕಟ್ಟಿ ಬರುತ್ತಾರೆ. ಬಿಸಿಮೈಯ ಜೀವವೊಂದು ಎದುರು ಸುಳಿದರೆ ಅದು ತಾನಾಗಿ ಚಿತ್ರ ತೆಗೆಯುತ್ತದೆ.

ಊಟವಾದ ಮೇಲೆ ಅವನು ಕೇಳಿದ: "ಮಾವ, ಮೊನ್ನೆ ಚಿತ್ರಗಳನ್ನು ವಿಂಗಡಿಸುವಾಗ ಒಬ್ಬ ಹೆಂಗಸು ಕಂಡಳು. ತಲೆಯ ಮೇಲೆ ಕಟ್ಟಿಗೆಯ ಹೊರೆ, ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ, ಮುಖ ಸ್ಪಷ್ಟ. ಅದನ್ನು ಅಳಿಸಲೇ, ಮೇಲಿನವರಿಗೆ ಕೊಡಲೇ?"

"ಕಾನೂನು ಮೀರಿದವಳು ತಾನೆ? ಕೊಟ್ಟುಬಿಡು" ಎಂದೆ. ಅವನು ಮಾತಾಡಲಿಲ್ಲ. ಆ ಮೌನ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅವನಿಂದಲೇ ತಿಳಿದ ಮಾತು: ಹುಲಿಯ ಮೈಪಟ್ಟೆ ಒಂದರಂತೆ ಇನ್ನೊಂದಿಲ್ಲ. ಆದ್ದರಿಂದಲೇ 1990ರ ದಶಕದ ಆರಂಭದಲ್ಲಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮರಾ ಕಟ್ಟಿ ಹುಲಿಗಳನ್ನು ಒಂದೊಂದಾಗಿ ಗುರುತಿಸಬಲ್ಲವರಾದರು. ಕಡವೆಗೆ ಅಂಥ ಗುರುತಿಲ್ಲ. ಜಿಂಕೆಗೆ ಚುಕ್ಕಿಗಳಿದ್ದರೂ ಹಿಂಡಿನಲ್ಲಿ ಅವನ್ನು ಓದುವುದು ಕಷ್ಟ. ನೂರು ಚಿತ್ರಗಳೆಂದರೆ ನೂರು ಜಿಂಕೆಗಳಿರಬಹುದು. ಒಂದೇ ಜಿಂಕೆ ನೂರು ಸಲ ಸುಳಿದಿರಲೂಬಹುದು. ಹಳ್ಳಗಳು ಬತ್ತಿದ ಕಾಲದಲ್ಲಿ ಉಳಿದ ನೀರಿನ ಬಳಿ ಮಾತ್ರ ಕ್ಯಾಮರಾ ಕಟ್ಟಿದರೆ ಕಾಡೆಲ್ಲ ಜಿಂಕೆಯೇ ತುಂಬಿದಂತೆ ತೋರುತ್ತದೆ. ನಡುಹಗಲಲ್ಲಿ ನೆಲದ ಕಾವು ಮೈಯ ಕಾವಿನ ಸಮಕ್ಕೆ ಬಂದಾಗ ಯಂತ್ರದ ಕಣ್ಣು ಮಂಕಾಗುತ್ತದೆ. ಪ್ರಾಣಿಯ ನಡೆಯ ವೇಗ, ಕ್ಯಾಮರಾ ಕಾಣುವಷ್ಟು ದೂರ ಇವನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ವಿಧಾನವೊಂದನ್ನು 2008ರಲ್ಲಿ ರೌಕ್ಲಿಫ್ ಮತ್ತು ಸಂಗಡಿಗರು ಮುಂದಿಟ್ಟರು.

ಜಿಂಕೆಯ ವಿಷಯದಲ್ಲಿ ಇಷ್ಟು ಎಚ್ಚರ. ನಾನಾದರೋ ಒಂದೇ ಚಿತ್ರದಿಂದ ಆ ಹೆಂಗಸನ್ನು ಅಪರಾಧಿಯೆಂದು ಓದಿ ಮುಗಿಸಿದ್ದೆ!

ನೋಡುವುದರಿಂದ ನಷ್ಟವೇನು ಎನ್ನುವವರಿದ್ದಾರೆ. ಉತ್ತರಾಖಂಡದ ಕಾರ್ಬೆಟ್ ಕಾಡಿನ ಬಗ್ಗೆ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರು ಗಮನಿಸಬೇಕು. ಅಲ್ಲಿನ ಹೆಂಗಸರು ಕಾಡಿಗೆ ಹೋದಾಗ ಆನೆ, ಹುಲಿಗಳು ದೂರ ಸರಿಯಲೆಂದು ಗಟ್ಟಿಯಾಗಿ ಹಾಡಿಕೊಳ್ಳುತ್ತಿದ್ದರು. ಕ್ಯಾಮರಾಗಳು ಬಂದ ಮೇಲೆ ದನಿ ತಗ್ಗಿಸಿದರು. ಪ್ರಾಣಿಗಳಿಗಾಗಿ ಇಟ್ಟ ಯಂತ್ರ ಅವರನ್ನು ಪ್ರಾಣಿಗಳ ಬಾಯಿಗೇ ಹತ್ತಿರ ಮಾಡಿತು.

ಎಣಿಕೆಯೇ ಬೇಡವೆಂದು ನಾನು ಹೇಳಲಾರೆ. ಎಣಿಸದಿದ್ದರೆ ಜಿಂಕೆ ಕಡಿಮೆಯಾದುದು ತಿಳಿಯುವುದಿಲ್ಲ. ಜಿಂಕೆ ಹೋದರೆ ಹುಲಿಯೂ ಉಳಿಯದು. ಎಣಿಕೆಯ ಬೆಲೆ ನಮಗೂ ಗೊತ್ತು. 2011ರ ಜನಗಣತಿಯಂದು ನಾನು ಮನೆಯಲ್ಲಿರಲಿಲ್ಲ. ಬಂದವರು ತಮಿಳಿನಲ್ಲಿ ಕೇಳಿದರು, ಅವ್ವ ತಮಿಳಿನಲ್ಲೇ ಉತ್ತರಿಸಿದಳು. ಮಾತೃಭಾಷೆಯ ಅಂಕಣದಲ್ಲಿ 'ತಮಿಳು' ಎಂದು ಬರೆದುಕೊಂಡು ಹೋದರು. ಸುಳ್ಳು ಯಾರೂ ಹೇಳಲಿಲ್ಲ. ಬಾಗಿಲಲ್ಲಿ ಕೇಳಿಸಿದ್ದನ್ನು ಬರೆದರು, ಒಳಮನೆಯಲ್ಲಿ ಆಡುವ ಕನ್ನಡ ಲೆಕ್ಕಕ್ಕೆ ಸಿಗಲಿಲ್ಲ. ಗಡಿನಾಡಿನ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂದು ನನಗೆ ಸಿಟ್ಟು ಬಂದಿತ್ತು. ಕಟ್ಟಿಗೆಯವಳ ವಿಷಯದಲ್ಲಿ ನಾನೂ ಆ ಬಾಗಿಲಲ್ಲಿ ನಿಂತವನೇ ಆದೆ.

ಯಾವ ಕಾರ್ಯಕ್ಕಾಗಿ ಕಣ್ಣು ತೆರೆದೆವೋ ಅಷ್ಟನ್ನೇ ಇಟ್ಟುಕೊಳ್ಳುವುದು ನೋಡುವವನ ಧರ್ಮ ಎಂದು ಈಗ ನನಗೆ ಅನಿಸುತ್ತದೆ. ಜಿಂಕೆಗೆ ಮರೆಯಿಲ್ಲ, ಮಾನದ ಚಿಂತೆಯಿಲ್ಲ. ಮನುಷ್ಯರಿಗೆ ಎರಡೂ ಇವೆ. ಕ್ಯಾಮರಾ ಯಾವ ದಾರಿಯಲ್ಲಿದೆಯೆಂದು ಕಾಡಂಚಿನವರಿಗೆ ಮೊದಲೇ ಹೇಳಬೇಕು. ಬೇಡದೆ ಸಿಕ್ಕಿದ ಮುಖವನ್ನು ಅಳಿಸಬೇಕು.

ಮೊನ್ನೆ ಫೋನಿನಲ್ಲಿ ಅಳಿಯನಿಗೆ ಇದನ್ನೇ ಹೇಳಿ, ನನ್ನ ಹಳೆಯ ಮಾತನ್ನು ಹಿಂದಕ್ಕೆ ಪಡೆದೆ. ಅವನು ಕೇಳಿದ: "ನಾಳೆ ಜಿಂಕೆಗೆ ಉರುಳು ಹಾಕುವವನ ಮುಖ ಸಿಕ್ಕಿದರೆ, ಮಾವ?"

ಅವನನ್ನು ಹಿಡಿಯಲು ಕಾವಲುಗಾರರಿದ್ದಾರೆ, ಎಣಿಸುವವರು ಬೇಹುಗಾರರಾಗಬಾರದು ಎಂದೆ. ಹೇಳಿದೆನೇ ಹೊರತು, ಉರುಳಿಗೆ ಬಿದ್ದ ಒಂದು ಜಿಂಕೆಯ ಭಾರ ಆ ಮಾತಿನ ಮೇಲಿದೆಯೆಂಬುದನ್ನು ನಾನು ಮರೆತಿಲ್ಲ.